ಗಾಡಿ ಓಡಿಸುವಾಗ ಪಾದ, ಕಾಲ್ಗಿಣ್ಣು ನೋಯುತ್ತಿದೆಯೇ? ಹಿಮ್ಮಡಿಯಿಂದ ಹುಡುಕಲು ಶುರುಮಾಡಿ

ಪಾದ ನೋಯುತ್ತದೆ ಅಂದರೆ ಎಲ್ಲರೂ ಮೊದಲು ಶೂ ಕಡೆ ನೋಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಒಂದು ಗಂಟೆ ಕಾರು ಓಡಿಸಿದರೆ ಸಾಕು, ಬಲ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಪಕ್ಕದಲ್ಲಿ ಒಂದು ಎಳೆತ ಶುರುವಾಗುತ್ತಿತ್ತು. ಇನ್ನರ್ಧ ಗಂಟೆಗೆ ಅದು ಪಾದದ ಮೇಲ್ಭಾಗಕ್ಕೆ ಇಳಿಯುತ್ತಿತ್ತು. ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಮಾಯ. ಶೂ ಬದಲಿಸಿದೆ. ಒಳಗೆ ಮೆತ್ತನೆಯ ಅಟ್ಟೆ ಹಾಕಿದೆ. ರಾತ್ರಿ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತೆ. ನೋವು ಕದಲಲಿಲ್ಲ.

ಕೊನೆಗೆ ತಪ್ಪು ಸಿಕ್ಕಿದ್ದು ಸೀಟಿನಲ್ಲಿ. ಕ್ಲಚ್ ಚೆನ್ನಾಗಿ ಒತ್ತಬೇಕು ಅಂತ ಸೀಟನ್ನು ಎರಡು ಕ್ಲಿಕ್ ಜಾಸ್ತಿ ಮುಂದಕ್ಕೆ ತಂದಿದ್ದೆ. ಎಡಗಾಲಿಗೆ ಅನುಕೂಲವಾಯಿತು. ಬಲಗಾಲು ಅದರ ಬೆಲೆ ಕಟ್ಟುತ್ತಿತ್ತು. ಹಿಮ್ಮಡಿ ಪೆಡಲಿಗೆ ತೀರಾ ಹತ್ತಿರ ಬಂದು, ಪಾದ ಇಡೀ ದಾರಿ ಮೇಲಕ್ಕೆ ಮಡಚಿಕೊಂಡೇ ಇರುತ್ತಿತ್ತು. ಆಮೇಲೆ ಇದೇ ತೊಂದರೆ ಇರುವ ಹಲವರ ಗಾಡಿಯಲ್ಲಿ ಪಕ್ಕಕ್ಕೆ ಕೂತು ಅವರ ಪಾದ ನೋಡಿದ್ದೇನೆ. ಹೆಚ್ಚಿನವರ ನೋವಿನ ಮೂಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಹಿಮ್ಮಡಿ ಎಲ್ಲಿ ಕೂತಿದೆ, ಮತ್ತು ಅದು ನಿಜವಾಗಿ ನೆಲದ ಮೇಲೆ ಕೂತಿದೆಯೇ?

ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ

ಏನನ್ನೂ ಬದಲಿಸುವ ಮೊದಲು ಮೂರು ನಾಲ್ಕು ದಿನ ಸುಮ್ನೆ ಗಮನಿಸಿ. ಯಾವ ಕಾಲು? ಪಾದದ ಯಾವ ಜಾಗ? ಒಂದು ಬೆರಳಿಟ್ಟು ತೋರಿಸಲು ಆಗುತ್ತದೆಯೇ, ಅಥವಾ ಇಡೀ ಪಾದ ಅನ್ನಬೇಕೇ? ಓಡಿಸಲು ಶುರುಮಾಡಿ ಎಷ್ಟು ಹೊತ್ತಿಗೆ ಬಂತು? ಇಳಿದು ನಡೆದಾಗ ಕಡಿಮೆ ಆಯಿತೇ, ಜಾಸ್ತಿ ಆಯಿತೇ?

"ಯಾವಾಗ" ಅನ್ನುವುದು ತುಂಬಾ ಹೇಳುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಬರುವ ನೋವು ಬೇರೆ, ಟ್ರಾಫಿಕ್ಕಿನಲ್ಲಿ ಬರುವ ನೋವು ಬೇರೆ. ಹೆದ್ದಾರಿಯಲ್ಲಿ ಬಲಪಾದ ಅಲುಗಾಡದೆ ಒಂದೇ ಕೋನದಲ್ಲಿ ನಿಂತಿರುತ್ತದೆ. ಬಿಗಿ ಹಿಡಿದ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಬಕೆಟ್ ಎತ್ತಿ ಇಳಿಸುವುದಕ್ಕಿಂತ ಎತ್ತಿ ಹಿಡಿದು ನಿಲ್ಲುವುದು ಕಷ್ಟ, ಅಲ್ವಾ? ಹಾಗೇ ಇದು. ಅಲ್ಲಿ ಬರುವ ನೋವಿಗೆ ಕೂರುವ ಭಂಗಿಯನ್ನು ಅನುಮಾನಿಸಿ. ಟ್ರಾಫಿಕ್ಕಿನಲ್ಲಿ ಮಾತ್ರ ಬಂದರೆ ಕ್ಲಚ್, ಬ್ರೇಕ್ ಮತ್ತು ಕಾಲು ಎತ್ತಿಡುವ ರೀತಿಯನ್ನು ಅನುಮಾನಿಸಿ.

ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಯಲ್ಲೇ ಹಿಮ್ಮಡಿಯ ತಳ ಚುಚ್ಚಿದಂತಾದರೆ ಅದು ಬಹುಶಃ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹಬ್ಬಿರುವ ಅಂಗಾಲಿನ ಪಟ್ಟಿಯ ಉರಿಯೂತ. ಅದಕ್ಕೆ ಕಾರು ಕಾರಣವಲ್ಲ, ಕಾರು ಅದನ್ನು ಕೆರಳಿಸುತ್ತಿರಬಹುದು ಅಷ್ಟೆ. ಸೀಟು ಸರಿಮಾಡಿದರೂ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೀಟು, ಶೂ, ಮ್ಯಾಟ್ ಮೂರನ್ನೂ ಒಂದೇ ದಿನ ಬದಲಿಸಿದರೆ ನೋವು ಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ತಿಂಗಳ ನಂತರ ಮರಳಿ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಎಂಜಿನ್ ಆರಿಸಿ ಮಾಡುವ ಹಿಮ್ಮಡಿ ಪರೀಕ್ಷೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ. ದಿನಾ ಹಾಕುವ ಶೂ ಹಾಕಿಕೊಂಡು, ದಿನಾ ಕೂರುವ ಹಾಗೇ ಕೂರಿ. ಪರೀಕ್ಷೆ ಅಂತ ನೆಟ್ಟಗೆ ಕೂರಬೇಡಿ. ಹಾಗೆ ಕೂತರೆ ದೋಷ ಅಡಗಿಬಿಡುತ್ತದೆ.

ಬಲಪಾದವನ್ನು ಆಕ್ಸಿಲರೇಟರ್ ಮೇಲೆ ಒತ್ತದೆ ಸುಮ್ನೆ ಇಡಿ. ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿ. ಹಿಮ್ಮಡಿಯ ಭಾರ ನೆಲದ ಮೇಲೆ ಪೂರ್ತಿ ಇದೆಯೇ? ಮುಂಗಾಲು, ಅಂದರೆ ಬೆರಳುಗಳ ಬುಡದ ದಪ್ಪ ಭಾಗ, ಪೆಡಲಿನ ಮೇಲಿದೆಯೇ? ಪೆಡಲ್ ಒತ್ತದೇ ಇರಲು ಪಾದವನ್ನು ನೀವೇ ಮೇಲೆ ಹಿಡಿದಿದ್ದೀರಾ? ಮೊಣಕಾಲಿನ ಕೆಳಗೆ ಮೂಳೆಯ ಪಕ್ಕದ ಮಾಂಸವನ್ನು ಕೈಯಿಂದ ಮುಟ್ಟಿ ನೋಡಿ. ಮೆತ್ತಗಿದ್ದರೆ ಒಳ್ಳೆಯದು. ಹಗ್ಗದಂತೆ ಬಿಗಿಯಾಗಿದ್ದರೆ ಆ ಸ್ನಾಯು ನಿಂತ ಗಾಡಿಯಲ್ಲೂ ದುಡಿಯುತ್ತಿದೆ. ಅರ್ಧ ಉತ್ತರ ನಿಮಗೆ ಅಲ್ಲೇ ಸಿಕ್ಕಿತು.

ಆಮೇಲೆ ಯಾರನ್ನಾದರೂ ಪಕ್ಕದ ಸೀಟಿನಲ್ಲಿ ಕೂರಿಸಿ ನಿಮ್ಮ ಕಾಲಿನ ಫೋಟೋ ತೆಗೆಸಿ, ಬದಿಯಿಂದ. ಪಾದಕ್ಕೂ ಕಾಲಿಗೂ ನಡುವಿನ ಕೋನ ನೋಡಿ. 90 ಡಿಗ್ರಿಯಿಂದ 110 ಡಿಗ್ರಿವರೆಗೆ ಇದ್ದರೆ ಕಾಲ್ಗಿಣ್ಣು ಆರಾಮವಾಗಿದೆ. ಆರೋಗ್ಯವಂತರ ಪಾದ ಮೇಲಕ್ಕೆ ಸುಮಾರು 20 ಡಿಗ್ರಿ ಮಾತ್ರ ಮಡಚುತ್ತದೆ, ಕೆಳಕ್ಕೆ ಸುಮಾರು 50 ಡಿಗ್ರಿ ಚಾಚುತ್ತದೆ. ಅಂದರೆ ಮೇಲಕ್ಕೆ ಮಡಚಲು ಇರುವ ಜಾಗ ತುಂಬಾ ಕಡಿಮೆ. ಅದರಲ್ಲಿ ಮುಕ್ಕಾಲು ಪಾಲನ್ನು ಕೂರುವಾಗಲೇ ಖರ್ಚು ಮಾಡಿದರೆ ಓಡಿಸಲು ಏನೂ ಉಳಿಯುವುದಿಲ್ಲ.

ಮ್ಯಾಟ್ ಮೇಲಿನ ಸವೆದ ಗುರುತನ್ನೂ ನೋಡಿ. ಹಿಮ್ಮಡಿ ನೆಲೆಯಾಗಿ ಕೂತಿದ್ದರೆ ಒಂದೇ ಕಡೆ ಚಿಕ್ಕದಾಗಿ ಸವೆದಿರುತ್ತದೆ. ಉದ್ದಕ್ಕೆ ಗೀಚಿದಂತಿದ್ದರೆ ಹಿಮ್ಮಡಿ ಜಾರುತ್ತಿದೆ, ಜಾಗ ಹುಡುಕುತ್ತಿದೆ. ಗುರುತೇ ಇಲ್ಲದಿದ್ದರೆ ಒಂದೋ ಮ್ಯಾಟ್ ಹೊಸದು, ಇಲ್ಲವೇ ನಿಮ್ಮ ಕಾಲು ಗಾಳಿಯಲ್ಲಿದೆ.

ಸೀಟನ್ನು ಹೊಸದಾಗಿ ಹೊಂದಿಸುವುದು

ಇದನ್ನು ನಿಂತ ಗಾಡಿಯಲ್ಲೇ ಮಾಡಬೇಕು. ಓಡುವಾಗ ಸೀಟಿನ ಲಿವರ್ ಮುಟ್ಟಲೇಬೇಡಿ. ಸೀಟು ಒಮ್ಮೆಗೇ ಜಾರಿದರೆ ಬ್ರೇಕ್ ಕಾಲಿಗೆ ಸಿಗುವುದಿಲ್ಲ.

ಮೊದಲು ಎಲ್ಲವನ್ನೂ ಕೆಡಿಸಿ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ಒರಗಿಸಿ, ಸ್ಟೀರಿಂಗ್ ಎತ್ತಿ. ಹಳೆಯ ಭಂಗಿಯಿಂದ ಚೂರು ಚೂರು ತಿದ್ದಲು ಹೋದರೆ ಮೈ ಹಳೆಯದಕ್ಕೇ ವಾಪಸು ಎಳೆಯುತ್ತದೆ. ಹಿಂದಿನ ಜೇಬಿನ ಪರ್ಸ್ ತೆಗೆದಿಡಿ. ಸೊಂಟವನ್ನು ಸೀಟಿನ ಮೂಲೆಗೆ ಒತ್ತಿ ಕೂರಿ. ಸೊಂಟದ ಹಿಂದೆ ಸಂದು ಬಿಟ್ಟರೆ ಉಳಿದ ಅಳತೆಯೆಲ್ಲ ಸುಳ್ಳು. ಅರ್ಧ ಗಂಟೆಯಲ್ಲಿ ಮೈ ಜಾರುತ್ತದೆ, ಕಾಲಿನ ದೂರವೂ ಬದಲಾಗುತ್ತದೆ.

ಎತ್ತರ ಮೊದಲು. ಸೊಂಟ ಮೊಣಕಾಲಿನಷ್ಟಾದರೂ ಎತ್ತರದಲ್ಲಿರಲಿ, ರಸ್ತೆ ಚೆನ್ನಾಗಿ ಕಾಣಲಿ, ತಲೆಗೂ ಛಾವಣಿಗೂ ನಡುವೆ ಜಾಗ ಉಳಿಯಲಿ.

ಆಮೇಲೆ ದೂರ. ಕ್ಲಚ್ ಇದ್ದರೆ ಎಡಗಾಲಿನಿಂದ ಅದನ್ನು ನೆಲ ಮುಟ್ಟುವವರೆಗೆ ಒತ್ತಿ ಹಿಡಿಯಿರಿ. ಆಟೊಮ್ಯಾಟಿಕ್ ಆದರೆ ಬಲಗಾಲಿನಿಂದ ಬ್ರೇಕನ್ನು ಬಲವಾಗಿ ಒತ್ತಿ. ಆಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಕಾಲು ಕೋಲಿನಂತೆ ನೆಟ್ಟಗಾದರೆ ದೂರ ಜಾಸ್ತಿ. ಸಂಗಡವೇ ಸೊಂಟ ಸೀಟಿನಿಂದ ಮೇಲೇಳುತ್ತಿದೆಯೇ ಅಂತ ನೋಡಿ. ಎದ್ದರೆ ಒಂದು ಕ್ಲಿಕ್ ಮುಂದೆ ಬನ್ನಿ. ಅಲ್ಲಿಗೆ ನಿಲ್ಲಿಸಿ. ನಾನು ಮಾಡಿದ ತಪ್ಪು ಇಲ್ಲೇ. ಒಂದು ಸಾಲದು ಅಂತ ಇನ್ನೂ ಎರಡು ಬಂದೆ.

ಸೀಟಿನ ಮುಂಚೂಣಿ ಎತ್ತಲು ಅವಕಾಶವಿದ್ದರೆ ತೊಡೆ ಪೂರ್ತಿ ಒರಗುವಷ್ಟು ಎತ್ತಿ. ಮೊಣಕಾಲಿನ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಬೆನ್ನಿನ ಕೋನ 100ರಿಂದ 110 ಡಿಗ್ರಿ ಸಾಕು. ಕೊನೆಗೆ ಸ್ಟೀರಿಂಗ್. ಭುಜ ಸೀಟಿಗೆ ತಾಗಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಚಕ್ರದ ತುದಿಯ ಮೇಲೆ ಕೂರಬೇಕು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಎದೆಗೂ ಸ್ಟೀರಿಂಗ್ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು. ಕನ್ನಡಿಗಳನ್ನು ಎಲ್ಲ ಮುಗಿದ ಮೇಲೆ ತಿರುಗಿಸಿ.

ಇದಿಷ್ಟು ಮಾಡಿ ಹಿಮ್ಮಡಿ ಪರೀಕ್ಷೆಯನ್ನು ಮತ್ತೆ ಮಾಡಿ. ಕೆಲವರ ನೋವು ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ನೋವಿನ ಜಾಗ ಹಿಡಿದು ಮುಂದೆ ಹೋಗೋಣ.

ಮೊಣಕಾಲಿನ ಕೆಳಗೆ ಮುಂಭಾಗ, ಪಾದದ ಮೇಲ್ಭಾಗ

ಪಾದವನ್ನು ಮೇಲಕ್ಕೆ ಎತ್ತುವ ಸ್ನಾಯು ಮೊಣಕಾಲಿನ ಕೆಳಗಿನ ಮೂಳೆಯ ಹೊರಬದಿಯಲ್ಲಿದೆ. ಅದನ್ನು ಮೂಳೆಗೆ ಕಟ್ಟುವ ಹುರಿ ಕಾಲ್ಗಿಣ್ಣಿನ ಮುಂದೆ ಹಾದು ಪಾದಕ್ಕೆ ಇಳಿಯುತ್ತದೆ. ನಡೆಯುವಾಗ ಈ ಸ್ನಾಯು ಪ್ರತಿ ಹೆಜ್ಜೆಗೂ ಒಂದು ಕ್ಷಣ ದುಡಿದು ಬಿಡುತ್ತದೆ. ಆಕ್ಸಿಲರೇಟರ್ ಮೇಲೆ ಹಾಗಲ್ಲ. ಪೆಡಲ್ ಜಾಸ್ತಿ ಒತ್ತಿಹೋಗದಂತೆ ಪಾದವನ್ನು ಗಂಟೆಗಟ್ಟಲೆ ಹಿಡಿದಿರಬೇಕು. ಬಲಗಾಲಿನಲ್ಲಿ ನಾನು ಹೆಚ್ಚಾಗಿ ಕಂಡ ನೋವು ಇದೇ.

ಕಾರಣ ಲೆಕ್ಕದಷ್ಟು ಸರಳ. ಮೊಣಕಾಲಿನಿಂದ ಹಿಮ್ಮಡಿವರೆಗಿನ ಭಾಗ ನೆಟ್ಟಗೆ ನಿಂತಷ್ಟೂ, ಎದುರಿಗೆ ಓರೆಯಾಗಿ ನಿಂತಿರುವ ಪೆಡಲಿಗೆ ಹೊಂದಿಕೊಳ್ಳಲು ಪಾದ ಮೇಲಕ್ಕೆ ಮಡಚಬೇಕಾಗುತ್ತದೆ. ಸೀಟು ಹತ್ತಿರ ಬಂದರೆ ಕಾಲು ನೆಟ್ಟಗಾಗುತ್ತದೆ. ಸೀಟು ಎತ್ತರವಾದರೂ ನೆಟ್ಟಗಾಗುತ್ತದೆ. ಎರಡೂ ಸೇರಿದರೆ ನೋವು ಖಚಿತ. ಎತ್ತರದ ಗಾಡಿಯಲ್ಲಿ ಕುರ್ಚಿಯ ಮೇಲೆ ಕೂತಂತೆ ಕೂತು ಓಡಿಸುವವರು ಇದನ್ನು ಗಮನಿಸಬೇಕು. ತಗ್ಗಿನ ಕಾರಿನಿಂದ ಎತ್ತರದ ಗಾಡಿಗೆ ಬದಲಾದ ಮೇಲೆ ಪಾದದ ನೋವು ಶುರುವಾಯಿತು ಅನ್ನುವವರಿಗೆ ನಾನು ಮೊದಲು ಕೇಳುವುದೇ ಇದನ್ನು.

ಪರಿಹಾರ: ಒಂದು ಕ್ಲಿಕ್ ಹಿಂದೆ ಹೋಗಿ. ಕ್ಲಚ್ ಇನ್ನೂ ಪೂರ್ತಿ ಒತ್ತಲು ಆಗುತ್ತದೆಯೇ ನೋಡಿ. ಆಗುತ್ತಿದ್ದರೆ ಎರಡು ದಿನ ಓಡಿಸಿ. ಸಾಲದಿದ್ದರೆ ಸೀಟನ್ನು ಬೆರಳಗಲ ಇಳಿಸಿ, ರಸ್ತೆ ಕಾಣುವುದಕ್ಕೆ ತೊಂದರೆ ಆಗದಷ್ಟು ಮಾತ್ರ. ಆಮೇಲೆ ಹಿಮ್ಮಡಿಯನ್ನು ಪೆಡಲಿನಿಂದ ಚೂರು ದೂರ ಇಟ್ಟು ಮುಂಗಾಲು ಪೆಡಲಿನ ನಡುವೆ ಬರುವಂತೆ ನೋಡಿ. ಹಿಮ್ಮಡಿ ಹತ್ತಿರವಿದ್ದಾಗ ಬೆರಳ ತುದಿ ಪೆಡಲಿನ ನೆತ್ತಿಗೆ ಹೋಗಿರುತ್ತದೆ. ಅದು ತಪ್ಪು ಜಾಗ.

ಪಾದವನ್ನು ಪೆಡಲಿನ ಮೇಲೆ ಮೃದುವಾಗಿ ಒರಗಿಸುವುದೂ ಒಂದು ಅಭ್ಯಾಸ. ಆಕ್ಸಿಲರೇಟರಿನ ಸ್ಪ್ರಿಂಗ್ ಪಾದದ ಭಾರವನ್ನು ಸ್ವಲ್ಪ ಹೊರುತ್ತದೆ. ಹೊಸದಾಗಿ ಕಲಿತವರು ಭಯದಿಂದ ಪಾದವನ್ನು ಪೆಡಲಿನ ಮೇಲೆ ತೇಲಿಸುತ್ತಿರುತ್ತಾರೆ. ಇಂಥವರಿಗೆ ಸೀಟಿನ ಅಳತೆ ಎಷ್ಟು ಸರಿಯಿದ್ದರೂ ನೋವು ಬರುತ್ತದೆ. ಧೈರ್ಯ ಬಂದಂತೆ ಇದು ತಾನಾಗೇ ಕಡಿಮೆಯಾಗುತ್ತದೆ.

ಮೀನಖಂಡ, ಹಿಮ್ಮಡಿಯ ಹಿಂದಿನ ಹುರಿ

ಇದು ಮೇಲಿನದಕ್ಕೆ ತದ್ವಿರುದ್ಧ. ಸೀಟು ದೂರವಿದ್ದು, ಬೆರಳ ತುದಿ ಚಾಚಿ ಪೆಡಲ್ ಒತ್ತುವವರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಸೀಟಿನ ಬೆನ್ನನ್ನು ತುಂಬಾ ಒರಗಿಸಿ ಮಲಗಿದಂತೆ ಓಡಿಸುವವರಿಗೂ ಇದೇ. ಅವರ ಸೀಟು ಅಳತೆಯಲ್ಲಿ ಹತ್ತಿರವೇ ಇರಬಹುದು, ಭುಜ ಹಿಂದೆ ಹೋದಂತೆ ಸೊಂಟ ತಿರುಗಿ ಕಾಲಿನ ಹಿಡಿತ ಬದಲಾಗುತ್ತದೆ. ಬೆನ್ನನ್ನು ಮೊದಲು ನೆಟ್ಟಗೆ ಮಾಡಿ, ಆಮೇಲೆ ದೂರ ನೋಡಿ.

ಕ್ಲಚ್ ಒತ್ತುವ ರೀತಿಯನ್ನೂ ತಿದ್ದಿಕೊಳ್ಳಬೇಕು. ಕ್ಲಚ್ ಒತ್ತುವುದು ತೊಡೆಯ ಕೆಲಸ. ಮುಂಗಾಲನ್ನು ಪೆಡಲಿನ ಮೇಲಿಟ್ಟು ಇಡೀ ಕಾಲನ್ನು ಮುಂದಕ್ಕೆ ತಳ್ಳಿ. ಹಿಮ್ಮಡಿಯನ್ನು ನೆಲಕ್ಕೆ ಊರಿ ಬರೀ ಕಾಲ್ಗಿಣ್ಣಿನಿಂದ ಒತ್ತುವವರು ತೊಡೆಯ ಕೆಲಸವನ್ನು ಮೀನಖಂಡಕ್ಕೆ ಹೊರಿಸುತ್ತಾರೆ. ಆಕ್ಸಿಲರೇಟರಿಗೆ ಹಿಮ್ಮಡಿ ಊರಬೇಕು, ಕ್ಲಚ್ಚಿಗೆ ಊರಬಾರದು. ಈ ಒಂದು ವ್ಯತ್ಯಾಸ ಎಷ್ಟೋ ಜನರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಿಮ್ಮಡಿಯ ತಳ

ಹಿಮ್ಮಡಿ ನೆಲದ ಮೇಲೆ ಸರಿಯಾಗಿಯೇ ಕೂತಿದೆ, ಆದರೂ ಅದೇ ಜಾಗ ಉರಿಯುತ್ತದೆ. ಆಗ ತೊಡೆ ನೋಡಿ. ತೊಡೆಯ ಕೆಳಗೆ ಸೀಟಿನ ಆಸರೆ ಇಲ್ಲದಿದ್ದರೆ ಇಡೀ ಕಾಲಿನ ಭಾರ ಹಿಮ್ಮಡಿಯ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ ಬೀಳುತ್ತದೆ. ಸೀಟಿನ ಮುಂಚೂಣಿ ಎತ್ತಿದರೆ ಭಾರ ಹಂಚಿಹೋಗುತ್ತದೆ. ಮುಂಚೂಣಿ ಮಾತ್ರ ಎತ್ತುವ ವ್ಯವಸ್ಥೆ ಇಲ್ಲದಿದ್ದರೆ ಸೀಟನ್ನು ಇಡಿಯಾಗಿ ಸ್ವಲ್ಪ ಎತ್ತಿ ನೋಡಿ.

ಗಟ್ಟಿ ರಬ್ಬರ್ ಮ್ಯಾಟ್ ಮೇಲೆ ತೆಳ್ಳನೆ ಚಪ್ಪಲಿ ಹಾಕಿ ಓಡಿಸಿದರೂ ಹಿಮ್ಮಡಿ ನೋಯುತ್ತದೆ. ಅದಕ್ಕೆ ಹಿಂಬದಿ ಮುಚ್ಚಿದ, ಹಿಮ್ಮಡಿಯ ಕೆಳಗೆ ಸ್ವಲ್ಪ ಮೆತ್ತೆ ಇರುವ ಶೂ ಸಾಕು.

ಕಾಲ್ಗಿಣ್ಣಿನ ಹೊರಬದಿ ಮತ್ತು ಒಳಬದಿ

ಇಲ್ಲಿ ಕಾಲು ತಿರುಚಿದೆ. ಎರಡು ರೀತಿಯಲ್ಲಿ ಆಗಿರುತ್ತದೆ.

ಒಂದು, ಮೊಣಕಾಲನ್ನು ಹೊರಗೆ ಚೆಲ್ಲಿ ಬಾಗಿಲಿಗೋ ನಡುವಿನ ಕನ್ಸೋಲಿಗೋ ಒರಗಿಸುವುದು. ಆರಾಮ ಅನ್ನಿಸುತ್ತದೆ. ಆದರೆ ಮೊಣಕಾಲು ಹೊರಗೆ ವಾಲಿದಂತೆ ಪಾದ ಹೊರ ಅಂಚಿನ ಮೇಲೆ ನಿಲ್ಲುತ್ತದೆ, ಗಿಣ್ಣಿನ ಹೊರಬದಿಯ ಹುರಿಗಳು ಎಳೆದುಕೊಳ್ಳುತ್ತವೆ. ಮೊಣಕಾಲು, ಗಿಣ್ಣು, ಎರಡನೇ ಬೆರಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರಲಿ. ಸ್ಟೀರಿಂಗ್ ತೊಡೆಗೆ ತಾಗುತ್ತದೆ ಅಂತಲೇ ಮೊಣಕಾಲು ಹೊರಗೆ ಹೋಗಿದ್ದರೆ ಸ್ಟೀರಿಂಗ್ ಎತ್ತಿ. ಉದ್ದ ಕಾಲಿನವರಲ್ಲಿ ಇದು ಜಾಸ್ತಿ.

ಎರಡು, ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ಇಟ್ಟು ಬೆರಳನ್ನು ಮಾತ್ರ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತುವುದು. ಬ್ರೇಕಿಗೆ ಬೇಗ ಹೋಗಲು ಇದು ಒಳ್ಳೆಯ ಪದ್ಧತಿ. ಟ್ರಾಫಿಕ್ಕಿನಲ್ಲಿ ಹೀಗೇ ಮಾಡಿ. ಆದರೆ ಎರಡು ಪೆಡಲ್ ದೂರ ದೂರ ಇರುವ ಗಾಡಿಯಲ್ಲಿ, ಮೂರು ಗಂಟೆ ಹೆದ್ದಾರಿಯಲ್ಲಿ ಪಾದ ಹೀಗೆ ತಿರುಚಿಕೊಂಡೇ ಇದ್ದರೆ ಗಿಣ್ಣು ಸುಮ್ಮನಿರುವುದಿಲ್ಲ. ತೆರೆದ ರಸ್ತೆಯಲ್ಲಿ ಹಿಮ್ಮಡಿಯನ್ನು ಒಂದೆರಡು ಬೆರಳಗಲ ಆಕ್ಸಿಲರೇಟರ್ ಕಡೆಗೆ ಸರಿಸಿ. ಹಾಗೆ ಸರಿಸಿದ ಜಾಗದಿಂದ ಬ್ರೇಕಿಗೆ ತಪ್ಪದೆ ಹೋಗುವುದನ್ನು ನಿಂತ ಗಾಡಿಯಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿ. ಒಂದು ಸಲ ತಪ್ಪಿದರೂ ಹಳೆಯ ಜಾಗಕ್ಕೇ ವಾಪಸು ಬನ್ನಿ. ಗಿಣ್ಣಿನ ಆರಾಮಕ್ಕಿಂತ ಬ್ರೇಕ್ ದೊಡ್ಡದು.

ಮುಂಗಾಲು, ಬೆರಳುಗಳು

ಇಲ್ಲಿ ಮಾತ್ರ ಶೂವನ್ನು ಮೊದಲು ಅನುಮಾನಿಸಿ. ದಪ್ಪ, ಮೆತ್ತನೆಯ ಅಟ್ಟೆಯ ಶೂ ನಡೆಯಲು ಸುಖ. ಪೆಡಲಿನ ಮೇಲೆ ಅದು ಹಾಸಿಗೆಯ ಮೂಲಕ ಸ್ವಿಚ್ ಒತ್ತಿದ ಹಾಗೆ. ಪೆಡಲ್ ಎಷ್ಟು ಒತ್ತಿದೆ ಅಂತ ಪಾದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗಲಿ ಅಂತ ಬೆರಳು ಜಾಸ್ತಿ ಬಿಗಿ ಹಿಡಿಯುತ್ತದೆ. ಓಡಿಸಲು ತೆಳುವಾದ, ಮಡಚುವ, ಜಾರದ ಅಟ್ಟೆ ಬೇಕು. ಗಿಣ್ಣನ್ನು ಬಿಗಿಯುವ ಎತ್ತರದ ಬೂಟು ಬೇಡ.

ಹವಾಯಿ ಚಪ್ಪಲಿಯ ತೊಂದರೆ ಬೇರೆ. ಅದು ಕಳಚದಿರಲಿ ಅಂತ ಬೆರಳುಗಳು ನಮಗೆ ಗೊತ್ತಿಲ್ಲದೆ ಅದನ್ನು ಕಚ್ಚಿ ಹಿಡಿದಿರುತ್ತವೆ. ಒಂದು ಗಂಟೆ ಮುಷ್ಟಿ ಬಿಗಿದಂತೆ. ನೋವಿನ ಮಾತು ಬಿಡಿ, ಚಪ್ಪಲಿ ಮಡಚಿ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಎತ್ತರ ಹಿಮ್ಮಡಿಯ ಪಾದರಕ್ಷೆಯೂ ಬೇಡ. ಅದರಲ್ಲಿ ಹಿಮ್ಮಡಿಗೆ ನೆಲದ ಮೇಲೆ ನಿಲ್ಲಲು ಒಂದು ಚುಕ್ಕೆಯಷ್ಟೇ ಜಾಗ. ಗಾಡಿಯಲ್ಲೇ ಒಂದು ಜೊತೆ ಶೂ ಇಟ್ಟುಕೊಳ್ಳಿ. ಚಾಲಕನ ಕಾಲ ಬಳಿ ಮಾತ್ರ ಇಡಬೇಡಿ, ಉರುಳಿ ಪೆಡಲಿನ ಕೆಳಗೆ ಹೋಗುತ್ತದೆ.

ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಕಲ್ಲು ಸಿಕ್ಕಿದಂತೆ ಉರಿ ಬಂದರೆ ಅಲ್ಲಿನ ನರ ಅದುಮಿರಬಹುದು. ಮೂತಿ ಕಿರಿದಾದ ಶೂ ಬಿಟ್ಟು ನೋಡಿ.

ಜೋಮು

ಜೋಮು ನೋವಲ್ಲ, ಒತ್ತಡದ ಸುದ್ದಿ. ಎಲ್ಲೋ ನರ ಅದುಮುತ್ತಿದೆ, ಹೆಚ್ಚಾಗಿ ಪಾದದಿಂದ ದೂರದಲ್ಲಿ. ಪಾದದ ಮೇಲ್ಭಾಗ ಜೋಮು ಹಿಡಿದರೆ ಮೊಣಕಾಲಿನ ಹೊರಬದಿ ನೋಡಿ. ಅಲ್ಲಿ ಒಂದು ನರ ಮೂಳೆಯ ಗಂಟನ್ನು ಬಳಸಿ, ಚರ್ಮದ ಕೆಳಗೇ ಹಾದುಹೋಗುತ್ತದೆ. ಬಾಗಿಲಿಗೆ, ಕನ್ಸೋಲಿಗೆ ಅದು ಒತ್ತುತ್ತಿದ್ದರೆ ಪಾದ ಜೋಮು ಹಿಡಿಯುತ್ತದೆ. ಮೊಣಕಾಲನ್ನು ಬಿಡಿಸಿ, ಅಥವಾ ತಾಗುವ ಕಡೆ ಮೆತ್ತನೆಯದು ಅಂಟಿಸಿ.

ಎರಡೂ ಪಾದ ಜೋಮು ಹಿಡಿದರೆ ಸೀಟಿನ ಅಂಚು ತೊಡೆಯ ಕೆಳಗೆ ಒತ್ತುತ್ತಿರಬಹುದು. ಮೊಣಕಾಲಿನ ಹಿಂದೆ ಆ ಎರಡು ಮೂರು ಬೆರಳ ಸಂದು ಇದೆಯೇ ನೋಡಿ. ಒಂದೇ ಬದಿಯಲ್ಲಿ ಪೃಷ್ಠದಿಂದ ಶುರುವಾಗಿ ಕಾಲಿನ ಹಿಂಬದಿಯಿಂದ ಇಳಿದರೆ ಹಿಂದಿನ ಜೇಬಿನ ಪರ್ಸ್ ಮೊದಲ ಆರೋಪಿ. ಪರ್ಸ್ ತೆಗೆದರೂ ವಾರದಲ್ಲಿ ಹೋಗದಿದ್ದರೆ ತೊಂದರೆ ಬೆನ್ನಿನಲ್ಲಿರಬಹುದು. ಅದನ್ನು ಸೀಟಿನ ಲಿವರಿನಿಂದ ಸರಿಮಾಡಲು ಹೋಗಬೇಡಿ.

ಎಡಗಾಲು ಮಾತ್ರ

ಕ್ಲಚ್ ಬಳಸದಾಗ ಎಡಪಾದ ಎಲ್ಲಿರುತ್ತದೆ? ಕ್ಲಚ್ ಮೇಲೇ ಇರುತ್ತದೆ ಅನ್ನುವವರು ಅದನ್ನು ಈ ದಿನವೇ ಬಿಡಿ. ಪಾದ ತೇಲಿಸಿಟ್ಟರೆ ಕಾಲಿನ ಮುಂಭಾಗ ದಣಿಯುತ್ತದೆ, ಒರಗಿಸಿಟ್ಟರೆ ಕ್ಲಚ್ ಬಿಡಿಸುವ ಭಾಗವಾದ ರಿಲೀಸ್ ಬೇರಿಂಗ್ ಬೇಗ ಸವೆಯುತ್ತದೆ. ಕ್ಲಚ್ಚಿನ ಎಡಕ್ಕೆ ಪಾದ ಇಡಲು ಡೆಡ್ ಪೆಡಲ್ ಇದ್ದರೆ ಅಲ್ಲಿಡಿ. ಅದಕ್ಕೆ ಪಾದ ಒತ್ತಿಕೊಂಡಿದ್ದರೆ ಸೊಂಟವೂ ಜಾರುವುದಿಲ್ಲ. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿ ಕಾಯಬೇಡಿ. ನ್ಯೂಟ್ರಲ್ ಮಾಡಿ, ಕಾಲು ಇಳಿಸಿ.

ಕುಳ್ಳಗಿರುವವರು, ಚಿಕ್ಕ ಪಾದದವರು

ಇವರ ಕಷ್ಟ ನನಗೆ ನಿಜವಾಗಿ ಬೇಸರ ತರಿಸುತ್ತದೆ, ಯಾಕೆಂದರೆ ತಪ್ಪು ಇವರದಲ್ಲ. ರಸ್ತೆ ಕಾಣಲಿ ಅಂತ ಸೀಟು ಎತ್ತಿದರೆ ಕಾಲು ಎಟುಕುವುದಿಲ್ಲ. ಎಟುಕಲಿ ಅಂತ ಮುಂದೆ ಬಂದರೆ ಸ್ಟೀರಿಂಗ್ ಎದೆಗೆ ಬರುತ್ತದೆ. ಇನ್ನು ಪಾದ ಚಿಕ್ಕದಾದರೆ ಹಿಮ್ಮಡಿ ನೆಲದ ಮೇಲಿಟ್ಟಾಗ ಮುಂಗಾಲು ಪೆಡಲಿನ ಬುಡಕ್ಕಷ್ಟೇ ಮುಟ್ಟುತ್ತದೆ. ಆಗ ಹಿಮ್ಮಡಿ ಎತ್ತಲೇಬೇಕು, ಇಡೀ ಕಾಲು ಗಾಳಿಯಲ್ಲಿ.

ಸ್ಟೀರಿಂಗ್ ಒಳಗೆ ಹೊರಗೆ ಸರಿಯುವಂಥದ್ದಾದರೆ ಅದನ್ನು ಮುಂದಿನ ಡ್ಯಾಶ್ ಕಡೆಗೆ ಒತ್ತಿ ಅಂತರ ಗಳಿಸಿಕೊಳ್ಳಿ. ಬೆನ್ನ ಹಿಂದೆ ಗಟ್ಟಿ ದಿಂಬು ಇಡುವುದರಿಂದ ತೊಡೆಯ ಕೆಳಗಿನ ಸೀಟಿನ ಉದ್ದವೂ ಕಡಿಮೆಯಾಗುತ್ತದೆ, ಅಂಚು ಒತ್ತುವುದಿಲ್ಲ. ದಿಂಬು ಜಾರದಂತೆ ಕಟ್ಟಿರಬೇಕು. ಹಿಮ್ಮಡಿಯ ಕೆಳಗೆ ಮಡಚಿದ ಬಟ್ಟೆ, ಹಲಗೆ, ಇನ್ನೊಂದು ಮ್ಯಾಟ್ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸರಿದು ಬ್ರೇಕಿನ ಕೆಳಗೆ ಹೋದರೆ ಬ್ರೇಕ್ ಹತ್ತುವುದಿಲ್ಲ. ಪೆಡಲಿಗೆ ಉದ್ದ ಕೊಡುವ ಜೋಡಣೆಗಳಿವೆ, ನೆಲಕ್ಕೆ ಬಿಗಿಯುವ ಹಿಮ್ಮಡಿ ಪೀಠಗಳಿವೆ. ಅವನ್ನು ತಿಳಿದವರಿಂದಲೇ ಹಾಕಿಸಬೇಕು. ಗಾಡಿ ಕೊಳ್ಳುವ ಮೊದಲಾದರೆ ಬಣ್ಣ ನೋಡುವ ಮುಂಚೆ ಹಿಮ್ಮಡಿ ಪರೀಕ್ಷೆ ಮಾಡಿ.

ದೋಷ ಗಾಡಿಯಲ್ಲೇ ಇದ್ದರೆ

ಭಂಗಿ ಬದಲಾಗಿಲ್ಲ, ಶೂ ಬದಲಾಗಿಲ್ಲ, ಆದರೂ ಇತ್ತೀಚೆಗೆ ನೋವು ಶುರುವಾಗಿದೆ. ಆಗ ಪೆಡಲನ್ನು ಅನುಮಾನಿಸಿ.

ಕ್ಲಚ್ ಗಟ್ಟಿಯಾಗುವುದು ನಿಧಾನ. ದಿನಾ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಕ್ಲಚ್ ಪ್ಲೇಟ್ ಸವೆದಂತೆ ಒತ್ತಲು ಬೇಕಾದ ಬಲ ಹೆಚ್ಚುತ್ತದೆ. ಕೇಬಲ್ ಇರುವ ಗಾಡಿಯಲ್ಲಿ ಕೇಬಲ್ ಒಣಗಿದರೂ, ಎಳೆ ಬಿಚ್ಚಿದರೂ ಬಿಗಿಯಾಗುತ್ತದೆ. ಅದೇ ಮಾದರಿಯ ಇನ್ನೊಂದು ಗಾಡಿಯ ಕ್ಲಚ್ ಒತ್ತಿ ನೋಡಿ, ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಕೇಬಲ್ಲಿನ ಆಕ್ಸಿಲರೇಟರ್ ಮೊದಲು ಅಂಟಿಕೊಂಡು ಆಮೇಲೆ ಒಮ್ಮೆಗೇ ಬಿಟ್ಟುಕೊಳ್ಳುತ್ತಿದ್ದರೆ ಪಾದ ಅದನ್ನು ಹಿಡಿದು ತಡೆಯುತ್ತಾ ದಣಿಯುತ್ತದೆ. ಅದು ಅಪಾಯವೂ ಹೌದು.

ಬ್ರೇಕ್ ಗಟ್ಟಿಯಾಗಿದೆ ಅನ್ನಿಸಿದರೆ ಈ ಪರೀಕ್ಷೆ ಮಾಡಿ. ಎಂಜಿನ್ ಆರಿಸಿ ಬ್ರೇಕನ್ನು ನಾಲ್ಕೈದು ಸಲ ಒತ್ತಿ. ಪೆಡಲ್ ಗಟ್ಟಿಯಾಗುತ್ತದೆ. ಒತ್ತಿ ಹಿಡಿದೇ ಎಂಜಿನ್ ಶುರುಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್, ಅಂದರೆ ಬ್ರೇಕ್ ಒತ್ತುವ ಕಾಲಿಗೆ ಬಲ ಸೇರಿಸುವ ಭಾಗ, ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಕಾಲು ನೋವಿನ ವಿಚಾರ ಆಮೇಲೆ, ಗಾಡಿಯನ್ನು ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಿ.

ಮ್ಯಾಟ್ ಒಂದೇ ಇರಲಿ, ಅದರ ಕೊಕ್ಕೆ ಸಿಕ್ಕಿಸಿರಲಿ. ಹೊಸ ಸೀಟ್ ಕವರ್ ಅಥವಾ ಮೆತ್ತೆ ಹಾಕಿದ ವಾರವೇ ನೋವು ಬಂದಿದ್ದರೆ ಲೆಕ್ಕ ಸುಲಭ. ಮೆತ್ತೆ ನಿಮ್ಮನ್ನು ಎತ್ತಿದೆ, ಮುಂದಕ್ಕೂ ತಂದಿದೆ. ಅಷ್ಟು ಸೀಟನ್ನು ಇಳಿಸಿ, ಹಿಂದೆ ಸರಿಸಿ.

ಎಲ್ಲ ಸರಿಯಿದ್ದರೂ ದೂರದ ದಾರಿಯಲ್ಲಿ ಬರುವ ನೋವು

ಎಷ್ಟೇ ಒಳ್ಳೆಯ ಭಂಗಿಯಾದರೂ ನಾಲ್ಕು ಗಂಟೆ ಕದಲದೆ ಇದ್ದರೆ ಅದೂ ಕೆಟ್ಟ ಭಂಗಿಯೇ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಕಾಲು ಗಂಟೆ ನಡೆಯಿರಿ. ಗಾಡಿಯ ಪಕ್ಕ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಇಪ್ಪತ್ತು ಸಲ. ಆಮೇಲೆ ಹಿಮ್ಮಡಿ ಮೇಲೆ ನಿಂತು ಬೆರಳು ಎತ್ತಿ. ಗೋಡೆಗೆ ಕೈಕೊಟ್ಟು ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ, ಅರ್ಧ ನಿಮಿಷ ಮೀನಖಂಡ ಎಳೆಯಿರಿ. ವೇಗವನ್ನು ತಾನಾಗೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಇದ್ದು ರಸ್ತೆ ಖಾಲಿಯಿದ್ದರೆ ಬಳಸಿ, ಪಾದ ಮಾತ್ರ ಬ್ರೇಕಿನ ಹತ್ತಿರವೇ ನೆಲದ ಮೇಲಿರಲಿ.

ಡಾಕ್ಟರ ಬಳಿ ಹೋಗಬೇಕಾದ ನೋವು

ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ತಿಕ್ಕಬೇಡಿ, ತಡಮಾಡಬೇಡಿ. ಹೊತ್ತುಗಟ್ಟಲೆ ಕೂತವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.

ಪಾದವನ್ನು ಮೇಲಕ್ಕೆ ಎತ್ತಲು ಆಗುತ್ತಿಲ್ಲ, ಹೆಜ್ಜೆ ಎಳೆಯುತ್ತಿದೆ ಅಂದರೆ ಸ್ಟೀರಿಂಗ್ ಹಿಡಿಯಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಗೊತ್ತಾಗದಂತೆ ಪಾದ ಮರಗಟ್ಟಬಹುದು. ಪೆಡಲ್ ಕಾಲಿಗೆ ತಿಳಿಯದಿದ್ದರೆ ಓಡಿಸುವುದು ಸುರಕ್ಷಿತವಲ್ಲ. ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಉರಿದರೆ ಅದು ಯೂರಿಕ್ ಆಮ್ಲದ ಸಂಧಿವಾತವಿರಬಹುದು, ಸೀಟಿಗೂ ಅದಕ್ಕೂ ಸಂಬಂಧವಿಲ್ಲ. ಗಿಣ್ಣಿನ ಮೂಳೆ ಮುರಿದು ಗುಣವಾಗುತ್ತಿರುವವರು ಡಾಕ್ಟರು ಹೇಳಿದ ಮೇಲಷ್ಟೇ ಓಡಿಸಬೇಕು. ಇನ್ನು ಸೀಟು, ಶೂ, ಪೆಡಲ್ ಮೂರನ್ನೂ ಒಂದೊಂದಾಗಿ ತಿದ್ದಿ ಎರಡು ಮೂರು ವಾರವಾದರೂ ನೋವು ಹಾಗೇ ಇದ್ದರೆ ಮೂಳೆ ತಜ್ಞರಿಗೆ ತೋರಿಸಿ. ನೀವು ಬರೆದಿಟ್ಟ "ಎಲ್ಲಿ, ಯಾವಾಗ" ಅವರಿಗೂ ಉಪಯೋಗಕ್ಕೆ ಬರುತ್ತದೆ.

ಸರಿಯಾದ ಜಾಗ ಸಿಕ್ಕ ಮೇಲೆ

ಸೀಟನ್ನು ಪೂರ್ತಿ ಮುಂದಕ್ಕೆ ತಂದು, ಅಲ್ಲಿಂದ ನಿಮ್ಮ ಜಾಗಕ್ಕೆ ಎಷ್ಟು ಕ್ಲಿಕ್ ಅಂತ ಎಣಿಸಿ ಬರೆದಿಡಿ. ಎತ್ತರವನ್ನೂ ಹಾಗೇ ಎಣಿಸಿ. ಸರ್ವಿಸಿಗೆ ಕೊಟ್ಟು ಬಂದ ದಿನ, ಮನೆಯವರು ಓಡಿಸಿದ ಮರುದಿನ ಸೀಟು ಒಂದು ಕ್ಲಿಕ್ ಆಚೀಚೆ ಆಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನನ್ನ ಹಳೆಯ ನೋವು ಒಮ್ಮೆ ಮರಳಿ ಬಂದದ್ದು ಹೀಗೇ. ಆ ಸಲ ಶೂ ಕಡೆ ನೋಡಲಿಲ್ಲ. ಕ್ಲಿಕ್ ಎಣಿಸಿದೆ, ಒಂದು ಕಡಿಮೆ ಇತ್ತು.